ಚೌಕದಿಂದ ಸಮುದ್ರಕ್ಕೆ ಒಂದೇ ಲೈನು

ಟಿಕೆಟ್ ಗಾಳಿಗೆ ಹಾರಿಹೋಗಬಹುದಿತ್ತು. ಅಮ್ಮನಿಗೆ ಕಂಡಕ್ಟರ್‌ನ ಇಂಗ್ಲಿಷ್ ಅರ್ಥವಾಗದೇ ಹೋಗಬಹುದಿತ್ತು. ನಮ್ಮ ಸ್ಟಾಪ್ ಗೊತ್ತಾಗದೆ ನೇರ ಸಮುದ್ರದ ದಡಕ್ಕೇ ಹೋಗಿಬಿಡಬಹುದಿತ್ತು. ನನಗೆ ವಾಂತಿಯೂ ಆಗಬಹುದಿತ್ತು. ಎಂಟನೇ ವಯಸ್ಸಿಗೇ ಚಿಂತೆ ಮಾಡುವ ಕಸುಬು ನನಗೆ ಚೆನ್ನಾಗಿ ಕೈಹತ್ತಿತ್ತು.

ಈಗ ಅಡಿಲೇಡ್‌ನ ಟ್ರಾಮ್ ಹಳಿ ಊರ ನಡುವಿನ ಚೌಕ ದಾಟಿ ಕವಲೊಡೆದಿದೆ. ಆದರೂ ಬ್ರೇಕಿನ ಸುಟ್ಟ ವಾಸನೆ ಮೂಗಿಗೆ ಬಡಿದರೆ ನನಗೆ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಆಗ ಇದ್ದದ್ದು ಚೌಕದಿಂದ ಸಮುದ್ರಕ್ಕೆ ಒಂದೇ ಲೈನು; ನಮ್ಮ ಮನೆ ಅದರ ನಡುದಾರಿಯಲ್ಲಿ. ಸಿಟಿಯ ಹೊಲಿಗೆ ಅಂಗಡಿಯಲ್ಲಿ ಅಮ್ಮನಿಗೆ ಕೆಲಸ ಸಿಕ್ಕಿತ್ತು. ಅವಳು ಒಬ್ಬಳೇ ಓಡಾಡಬೇಕಲ್ಲ ಎಂದು ಅಪ್ಪನಿಗೆ ದಿಗಿಲು.

"ಇವತ್ತು ಇವಳನ್ನ ಕರ್ಕೊಂಡು ಹೋಗಿ ಬಂದು ತೋರಿಸ್ತೀನಿ. ಆಮೇಲೆ ನೀವು ತಕರಾರು ತೆಗೀಬಾರದು," ಎಂದಳು ಅಮ್ಮ, ನನ್ನ ಕೈ ಹಿಡಿದು.

"ದಾರಿ ತಪ್ಪಿದ್ರೆ?"

"ತಪ್ಪೋಕಾದ್ರೂ ಇನ್ನೊಂದು ಲೈನ್ ಬೇಕಲ್ರೀ!"

ಕೆಂಪು ಟ್ರಾಮಿನ ನುಣುಪು ಸೀಟಿನಲ್ಲಿ ಜಾರುತ್ತ, ಬೆವರಿದ ಮುಷ್ಟಿಯಲ್ಲಿ ಟಿಕೆಟ್ ಹಿಸುಕುತ್ತ ನಾನು ಸ್ಟಾಪುಗಳನ್ನು ಎಣಿಸಿದೆ. ಅಮ್ಮ ಕಂಡಕ್ಟರ್ ಜೊತೆ ನಗುನಗುತ್ತ ಮಾತಾಡಿದಳು. ಚೌಕದಲ್ಲಿ ಇಳಿದು ಅಂಗಡಿ ನೋಡಿಕೊಂಡು ಬಂದೆವು. ವಾಪಸ್ ಬರುವಾಗ ಸರಿಯಾಗಿ ನಮ್ಮ ಸ್ಟಾಪಿನಲ್ಲೇ ಇಳಿದೆವು.

ಎದುರಿನ ಹಳಿಯಲ್ಲಿ ಸಿಟಿ ಕಡೆಯ ಟ್ರಾಮ್ ಆಗತಾನೇ ಹೊರಟಿತ್ತು. ನಮ್ಮನ್ನು ಹುಡುಕಲು ಅದನ್ನು ಹತ್ತಿದ್ದ ಅಪ್ಪ, ಕಿಟಕಿಯಲ್ಲಿ ಎರಡೂ ಕೈ ಬೀಸುತ್ತ ದೂರವಾಗುತ್ತಿದ್ದರು.

"ನಡಿ, ಕಾಫಿಗೆ ನೀರಿಡೋಣ," ಎಂದಳು ಅಮ್ಮ. "ಒಂದೇ ಲೈನು. ನಿಮ್ಮಪ್ಪನೂ ಬರ್ತಾರೆ."