ಬಾಡಿಗೆ ಸಾಹೇಬ

ಬಿಳಿ ಜುಬ್ಬಾ, ಧೋತರ, ಜರಿಯಂಚಿನ ಶಲ್ಯ: ದಿನದ ಬಾಡಿಗೆ ಆರುನೂರು. ಮುಂದೆ ಬಾವುಟ ಸಿಕ್ಕಿಸಿದ ಬಿಳಿ ಕಾರು: ನಾಲ್ಕು ಸಾವಿರ. ಮನೆ ಕೆಡವುವ ದೃಶ್ಯಕ್ಕೆ ತರಿಸಿದ ಜೆಸಿಬಿ: ತಾಸಿಗೆ ಸಾವಿರದ ಇನ್ನೂರು. ಮುಳ್ಳು ಓಡದ ಬಂಗಾರ ಬಣ್ಣದ ಗಡಿಯಾರ: ನೂರು. ಇದೆಲ್ಲದರ ಒಳಗೆ ಬೆವರುತ್ತ ಕೂತಿದ್ದ ರೂಪಲಪ್ಪನಿಗೆ ಎಂಟುನೂರು, ಅದೂ ಮಾತು ತಪ್ಪದಿದ್ದರೆ.

ಕಾರು ಪಣಜಿ ದಾಟಿ ಚಿಂಬಲ್ ಕಡೆ ಹೊರಳಿತು. ರೂಪಲಪ್ಪನ ತುಟಿ ಅಲುಗುತ್ತಲೇ ಇತ್ತು.

"ಇವ್ರ ಮನಿಗೆ ಕೈ ಹಚ್ಚಬ್ಯಾಡ್ರಿ. ನಾ ಮಾತು ಕೊಟ್ಟೇನಿ."

ಇಷ್ಟೇ. ನಿನ್ನೆ ತಾಲೀಮಿನಲ್ಲಿ ಇದನ್ನೇ ಒಂಬತ್ತು ಸಲ ಮರೆತಿದ್ದ.

ಸಿನಿಮಾ ಹಾಸ್ಯದ್ದು. ರಾಜಕೀಯಕ್ಕೇ ಬೇಸತ್ತ ಮಂತ್ರಿಯೊಬ್ಬ ಒಂದು ಬೆಳಿಗ್ಗೆ ಎದ್ದು, ಈವರೆಗೆ ಕೊಟ್ಟ ಮಾತನ್ನೆಲ್ಲ ಉಳಿಸಲು ಹೊರಡುತ್ತಾನೆ. ಅವನಿಗೆ ತಲೆ ಕೆಟ್ಟಿದೆ ಎಂದು ಊರು ನಗುತ್ತದೆ. ನಿರ್ದೇಶಕ ಗುರುಕಿರಣ ಧಾರವಾಡದ ಹುಡುಗ, ದೊಡ್ಡ ನಟರನ್ನು ಕರೆಸುವ ತಾಕತ್ತಿಲ್ಲ. ಬೀಚಿನಲ್ಲಿ ಮಣಿಸರ ಮಾರುತ್ತಿದ್ದ ರೂಪಲಪ್ಪನ ಎತ್ತರ, ಬಿಳಿ ಮೀಸೆ ನೋಡಿ ಇವನೇ ಮಂತ್ರಿ ಎಂದುಬಿಟ್ಟಿದ್ದ. ಮಳೆಗಾಲ, ಬೀಚಿನಲ್ಲಿ ಗಿರಾಕಿ ಇಲ್ಲ. ಎರಡು ದಿನ ಕಾರಿನಲ್ಲಿ ಕೂತು ಕೈ ಬೀಸಿದ್ದಾಗಿತ್ತು. ಇವತ್ತು ಬಾಯಿ ಬಿಡಬೇಕು.

"ನಾಳೆ ತಪ್ಪಿದ್ರ ಬ್ಯಾರೆದವ್ರನ್ನ ಹಾಕೋತೇನಿ, ಕಾಕಾ," ಎಂದಿದ್ದ ಗುರುಕಿರಣ. "ಮತ್ತ ಕ್ಯಾಮೆರಾ ಕಡೆ ನೋಡಬ್ಯಾಡ್ರಿ. ನಿಮ್ಮ ಸಲುವಾಗಿ ಅದನ್ನ ಎಲ್ಲೆರ ಮಾಳಗಿ ಮ್ಯಾಲೆ ಮುಚ್ಚಿಟ್ಟಿರ್ತೇನಿ. ಹುಡುಕಬ್ಯಾಡ್ರಿ. ಇಳೀರಿ, ನಡೀರಿ, ಹೇಳ್ರಿ."

ಬೆಳಿಗ್ಗೆ ಹೆಂಡತಿ ಕೇಸರಿಬಾಯಿ ನಕ್ಕಿದ್ದಳು. "ಮೂವತ್ತು ವರ್ಷ ನನ್ನ ಮುಂದ ಬಾಯಿ ತಗದಿಲ್ಲ. ಮಂದಿ ಮುಂದ ಏನ್ ತಗೀತೀರೋ ಏನೋ."

ಚಿಂಬಲ್ ತಿರುವಿನಲ್ಲಿ ಡ್ರೈವರ್ ಅಜಯ ಕಾರು ನಿಧಾನಿಸಿದ. ಅವನು ಈ ಕಡೆಗೆ ಹೊಸಬ, ಚಿತ್ರೀಕರಣದ ಜಾಗ ನೋಡಿರಲಿಲ್ಲ. ಪಾನ್ ಅಂಗಡಿಯವನನ್ನು ಕೇಳಿದ, "ಜೆಸಿಬಿ ಎಲ್ಲಿ ನಿಂತೈತ್ರಿ?"

ಅಂಗಡಿಯವ ಬಾವುಟ ನೋಡಿ ಎದ್ದು ನಿಂತ. ಬಲಗಡೆಯ ಓಣಿ ತೋರಿಸಿದ.

ಓಣಿಯ ಬಾಯಲ್ಲೇ ಜನ ಸೇರಿದ್ದರು. ತಗಡಿನ ಸಾಲುಮನೆಗಳು. ಮೊದಲನೆಯದರ ಗೋಡೆ ಆಗಲೇ ಬಿದ್ದಿತ್ತು. ಕೆಸರಿನಲ್ಲಿ ಶಾಲೆಯ ಚೀಲವೊಂದು ಅರ್ಧ ಹೂತಿತ್ತು. ಜೆಸಿಬಿಯ ಕೈ ಎರಡನೆಯ ಮನೆಯ ಮೇಲೆ ಎತ್ತಿ ನಿಂತಿತ್ತು. ಅದರ ಮುಂದೆ ಲಾಠಿ ಹಿಡಿದ ಆರು ಜನ ಪೊಲೀಸರು.

ರೂಪಲಪ್ಪ ಬಾಗಿಲಿಗೆ ಹಾಕಿದ ಕೈ ಹಿಂದಕ್ಕೆ ತೆಗೆದ. ಬೀಚಿನಲ್ಲಿ ಖಾಕಿ ಕಂಡರೆ ಗಂಟು ಎತ್ತಿಕೊಂಡು ಓಡಿ ಅಭ್ಯಾಸವಾದ ಕಾಲು ಅವನವು. ಇವತ್ತು ಅದೇ ಖಾಕಿಯ ಎದುರಿಗೆ ನಡೆಯಬೇಕು.

"ಇಳೀರಿ ಕಾಕಾ," ಎಂದ ಅಜಯ. "ಎಲ್ಲಾರೂ ನಿಮ್ಮನ್ನ ನೋಡಾಕತ್ತಾರ."

ಇಳಿದ. ನಡೆದ. ಮಾಳಿಗೆಗಳ ಕಡೆ ಕಣ್ಣು ಹೋಗದಂತೆ ನೆಲ ನೋಡುತ್ತಲೇ ನಡೆದ. ಗದ್ದಲ ತಟ್ಟನೆ ನಿಂತಿತು. ಫೈಲು ಹಿಡಿದಿದ್ದ ಅಧಿಕಾರಿ ಓಡಿ ಬಂದು ಕೊಂಕಣಿಯಲ್ಲಿ ಏನೋ ಕೇಳಿದ.

ರೂಪಲಪ್ಪ ಬಾಯಿಪಾಠ ಮಾಡಿದ್ದನ್ನು ಹೇಳಿದ:

"ಇವ್ರ ಮನಿಗೆ ಕೈ ಹಚ್ಚಬ್ಯಾಡ್ರಿ. ನಾ ಮಾತು ಕೊಟ್ಟೇನಿ."

ಬಂತು. ಒಂದಕ್ಷರ ತಪ್ಪದೆ ಬಂತು. ಇನ್ನು ಗುರುಕಿರಣ 'ಕಟ್' ಎನ್ನಬೇಕು.

ಯಾರೂ ಅನ್ನಲಿಲ್ಲ. ಅಧಿಕಾರಿ ಬೆಳಗಾವಿ ಕನ್ನಡಕ್ಕೆ ಹೊರಳಿದ. "ಮ್ಯಾಲಿಂದ ಆರ್ಡರ್ ಐತ್ರಿ, ಸಾಹೇಬ್ರ. ನಮ್ದೇನ್ ಐತ್ರಿ ಇದರಾಗ. ತಾವು..." ಎಂದವನು ಬಾವುಟದ ಕಡೆ ನೋಡಿ ಮಾತು ನುಂಗಿದ.

ಈ ಮಾತು ತಾಲೀಮಿನಲ್ಲಿ ಇರಲಿಲ್ಲ. ಇದಕ್ಕೆ ಉತ್ತರವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಏನು ಮಾಡಬೇಕೋ ತಿಳಿಯದೆ ರೂಪಲಪ್ಪ ಓಡದ ಗಡಿಯಾರ ನೋಡಿಕೊಂಡ. ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದ.

"ನಾ ಮಾತು ಕೊಟ್ಟೇನಿ," ಎಂದ ರೂಪಲಪ್ಪ ಮತ್ತೆ. ಹೆದರಿಕೆಗೆ ದನಿ ಗಡಸಾಗಿತ್ತು.

ಅಧಿಕಾರಿ ಬದಿಗೆ ಹೋಗಿ ಫೋನು ಹಚ್ಚಿದ. "ಯಾವ ಸಾಹೇಬ್ರು ಅಂತ ಮಾರಿ ಮ್ಯಾಲೆ ಹೆಂಗ ಕೇಳಲ್ರಿ?" ಎಂದು ಪಿಸುಗುಟ್ಟಿದ್ದು ರೂಪಲಪ್ಪನಿಗೆ ಕೇಳಿಸಿತು. ನಗೆ ಸಿನಿಮಾ ಅಲ್ಲವೇ. ಜನ ಇಲ್ಲಿ ನಗುತ್ತಾರೆ ಎಂದುಕೊಂಡ. ತನಗೆ ಮಾತ್ರ ನಗು ಬರಲಿಲ್ಲ.

ಮುದುಕಿಯೊಬ್ಬಳು ಒಲೆಯನ್ನು ಕಂಕುಳಲ್ಲಿ ಅವುಚಿಕೊಂಡೇ ಬಂದು ಅವನ ಕೈ ಹಿಡಿದಳು. "ನನ್ನ ಹೆಸ್ರು ಜುಲೇಖಾ ಅಂತ್ರಿ. ಖರೇನ ಹೇಳಾಕತ್ತೀರಿ?" ಅವನ ಬೆರಳು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಎಷ್ಟು ಚಲೋ ಮಾಡುತ್ತಾಳೆ, ಈಕೆಗೆ ತನಗಿಂತ ಹೆಚ್ಚೇ ಕೊಡುತ್ತಿರಬೇಕು ಎನಿಸಿತು. ತಲೆಯಾಡಿಸಿದ. ಅವಳು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟಳು.

ಜೆಸಿಬಿಯ ಕೈ ಕೆಳಗಿಳಿಯಿತು. ಅದು ಹಿಂದೆ ಹಿಂದೆ ಸರಿದು ಓಣಿ ದಾಟಿತು. ಅಧಿಕಾರಿ ನಮಸ್ಕಾರ ಮಾಡಿ ಜೀಪು ಹತ್ತಿದ. ಪೊಲೀಸರೂ ಹೋದರು.

ಇನ್ನೂ 'ಕಟ್' ಇಲ್ಲ. ಎಲ್ಲೋ ತಪ್ಪಿದೆ, ಕೆಲಸ ಹೋಯಿತು ಎಂದುಕೊಂಡು ರೂಪಲಪ್ಪ ಕಾರಿಗೆ ಮರಳಿದ. ಸೀಟಿನ ಮೇಲೆ ಬಿಟ್ಟಿದ್ದ ತನ್ನ ಫೋನನ್ನು ಅಜಯ ಕಿವಿಗೆ ಹಿಡಿದು ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು. ಗುರುಕಿರಣನ ಕೂಗು ಹೊರಗೂ ಕೇಳುತ್ತಿತ್ತು.

"ಎಲ್ಲಿ ಹಾಳಾಗಿ ಹೋಗೀರಿ ಇಬ್ಬರೂ? ಗುಡ್ಡದ ಈ ಕಡೆ ಜೆಸಿಬಿ ನಿಲ್ಲಿಸ್ಕೊಂಡು, ಕ್ಯಾಮೆರಾ ಹಚ್ಚಿಕೊಂಡು ಒಂದ್ ತಾಸಿಂದ ಕಾಯಾಕತ್ತೇನಿ."

ತಡವಾಗಿ ಹೋದದ್ದಕ್ಕೆ ರೂಪಲಪ್ಪನ ಎಂಟುನೂರು ಹೋಯಿತು. ಆ ಮಳೆಗಾಲಕ್ಕೆ ಹದಿನೇಳು ಮನೆ ಉಳಿದವು.