ಯಾರೂ ನೋಡದ ಟಿವಿ

"ಆಂಟೆನಾ ಹಾಕ್ಕೊಂಡು ಈಗ ಯಾರು ಸಾರ್ ಟಿವಿ ನೋಡ್ತಾರೆ? ಅದಕ್ಕಂತ ಇಟ್ಟಿರೋ ತರಂಗಾಂತರ ನಮಗೆ ಕೊಡಿ. ಎಲ್ಲರಿಗೂ ಮೊಬೈಲಲ್ಲೇ ಟಿವಿ ತೋರಿಸ್ತೀವಿ," ಎಂದ ಫೋನ್ ಕಂಪನಿಯವನು.

ಸರ್ಕಾರಿ ಸಮಿತಿಯವರೆಲ್ಲ ತಲೆಯಾಡಿಸಿದರು. ಆದರೆ ಅವರ ಕಣ್ಣಿದ್ದದ್ದು ಮೇಜಿನ ಕೆಳಗೆ ಹಿಡಿದ ಮೊಬೈಲುಗಳ ಮೇಲೆ. ಫೈನಲ್ ಪಂದ್ಯದ ಕೊನೆಯ ಓವರ್. ಅಷ್ಟರಲ್ಲಿ ಎಲ್ಲ ಮೊಬೈಲುಗಳಲ್ಲೂ ಆಟ ನಿಂತು ಚಕ್ರ ಸುತ್ತತೊಡಗಿತು.

"ಊರೆಲ್ಲ ಒಟ್ಟಿಗೇ ನೋಡ್ತಿದೆಯಲ್ಲ ಸಾರ್, ಅದಕ್ಕೇ..." ಎಂದು ಕಂಪನಿಯವನು ತಡವರಿಸಿದ.

ಕೆಳಗಿನ ಕ್ಯಾಂಟೀನಿನಿಂದ "ಸಿಕ್ಸ್!" ಎಂಬ ಕೂಗು ಕೇಳಿತು. ಅಧ್ಯಕ್ಷರು ಎದ್ದು ಓಡಿದರು. ಹಿಂದೆಯೇ ಸಮಿತಿ, ಅದರ ಹಿಂದೆ ಕಂಪನಿಯವನು. ಕ್ಯಾಂಟೀನಿನ ಪುಟ್ಟತಾಯಮ್ಮನ ಹಳೇ ಟಿವಿಯ ಆಂಟೆನಾ ಕಿಟಕಿಯಲ್ಲಿ ಓಲಾಡುತ್ತಿತ್ತು.

"ಯಾರಾದ್ರೂ ಅದನ್ನ ಹಿಡ್ಕೊಳ್ರಪ್ಪಾ, ಚಿತ್ರ ಹೋಗ್ತದೆ!" ಎಂದು ಆಕೆ ಗದರಿದಳು. ಕಂಪನಿಯವನೇ ಹಿಡಿದು ನಿಂತ. ಕೊನೆಯ ಚೆಂಡಿಗೆ ನಮ್ಮವರು ಗೆದ್ದಾಗ ಎಲ್ಲರೂ ಕುಣಿದರು.

ಮೇಲೆ ಬಂದು ಬೆವರು ಒರೆಸಿಕೊಂಡ ಅಧ್ಯಕ್ಷರು ಕಾರ್ಯದರ್ಶಿಗೆ ಹೇಳಿದರು: "ಆಂಟೆನಾ ಟಿವಿ ಈಗ ಯಾರೂ ನೋಡಲ್ಲ, ಒಮ್ಮತದ ತೀರ್ಮಾನ ಅಂತ ಬರ್ಕೊಳ್ರಿ. ಹಾಗೇ ಪುಟ್ಟತಾಯಮ್ಮಂಗೆ ಒಂದು ಮಾತು ಹೇಳಿ, ಟಿವೀಲಿ ಗೆದ್ದೋರಿಗೆ ಕಪ್ ಕೊಡೋವಾಗ ನಮ್ಮನ್ನ ಕರೀಲಿ."