ನಡುವಿನ ಎರಡು ತಂತಿ

ತಾಲೀಮಿನಲ್ಲಿ ಬೀರೇಶ ಗಿಟಾರಿನ ಆರೂ ತಂತಿ ಒತ್ತಿ, ಎಲ್ಲಾ ಸ್ವರ ಒಟ್ಟಿಗೆ ಹೊಮ್ಮುವ ಕಾರ್ಡ್ ಬಾರಿಸುತ್ತಿದ್ದಂತೆ ಚೈತ್ರಾ ಪಿಯಾನೊ ನಿಲ್ಲಿಸಿದಳು. "ಲೇ, ಕೆಳಗಿನ ಸ್ವರ ಬೇಸ್ ಗಿಟಾರಲ್ಲಿ ದುರುಗೇಶ ನುಡಿಸ್ತಾನೆ, ಮೇಲಿಂದು ನಾನು. ನೀನೂ ಎಲ್ಲಾ ಬಾರಿಸಿದ್ರೆ ಜಾಝ್ ಅಲ್ಲ, ಸಂತೆ ಆಗ್ತೈತೆ. ಹಿಂಗೇ ಆದ್ರೆ ನಾಳೆ ದುರ್ಗದ ಕಾರ್ಯಕ್ರಮಕ್ಕೆ ಬರಬ್ಯಾಡ."

ಯಾವ ಸ್ವರ ಬಿಡುವುದು? ತುರುವನೂರಿನಲ್ಲಿ ಡೊಳ್ಳು ಬಾರಿಸಿ ಬೆಳೆದ ಬೀರೇಶನಿಗೆ ಕಡಿಮೆ ಬಾರಿಸುವುದೆಂದರೆ ಮೈಗಳ್ಳತನ. ಹಾಡು ಮತ್ತೆ ಶುರುವಾದಾಗ ಅಂಜುತ್ತಲೇ ಒಂದೊಂದಾಗಿ ಬಿಟ್ಟ. ಕೊನೆಗೆ ನಡುವಿನ ಎರಡು ತಂತಿಗಳಷ್ಟೇ ಉಳಿದವು. ಯಾರೂ ಬೈಯಲಿಲ್ಲ, ತಿರುಗಿಯೂ ನೋಡಲಿಲ್ಲ. ಅವನ ಗಿಟಾರು ಅವನಿಗೇ ಕೇಳುತ್ತಿರಲಿಲ್ಲ. ಸರಿಯಾಯಿತೋ, ಇಲ್ಲಾ ತಾನೇ ಇಲ್ಲವಾದೆನೋ? ಗೊಂದಲದಲ್ಲಿ ಕೈ ನಿಂತುಬಿಟ್ಟಿತು.

ಡ್ರಮ್ಸ್ ಎಡವಿತು. ಬೇಸ್ ಹಿಂದುಳಿಯಿತು. ಪಿಯಾನೊ ಒಂಟಿಯಾಗಿ ಎರಡು ಸ್ವರ ನುಡಿದು ಸುಮ್ಮನಾಯಿತು.

"ಏನಪ್ಪ, ಯಾಕ್ ಬಿಟ್ಟೆ?" ಚೈತ್ರಾ ರೇಗಿದಳು. "ಎಲ್ಲಾ ನಿನ್ ತಾಳದ ಹಿಂದೇನೇ ಬರ್ತಿದ್ವಲ್ಲ!"